ಮುಳ್ಳು ಅರವತ್ತರಲ್ಲಿ, ಲಾರಿ ಎಪ್ಪತ್ತರಲ್ಲಿ

ಕೆಎ-33 ನಂಬರಿನ ಲಾರಿಯೊಂದು ಶಹಾಪುರದಿಂದ ಹತ್ತಿ ಹೇರಿಕೊಂಡು ಹೊರಟಿದೆ ಎನ್ನಿ. ಹಿಂದಿನ ಚಕ್ರಗಳ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆ, ಅಂದರೆ ಹೌಸಿಂಗ್, ಕೈಕೊಟ್ಟಿತ್ತು. ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ತಂದು ಕೂರಿಸಿದ್ದಾರೆ. ಮೀಟರಿನ ಮುಳ್ಳು ಅರವತ್ತರ ಮೇಲೆ ನಿಂತಿದೆ, ಲಾರಿ ಮಾತ್ರ ಎಪ್ಪತ್ತರಲ್ಲಿ ಓಡುತ್ತಿದೆ. ಕೇಳಿದರೆ ಡ್ರೈವರ್ "ಮೀಟರ್ ಬರೋಬ್ಬರಿ ಅದ ರೀ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಮೀಟರ್ ಕೆಟ್ಟಿಲ್ಲ. ಹೌಸಿಂಗ್ ಬದಲಾದ ಸುದ್ದಿಯನ್ನು ಅದಕ್ಕೆ ಯಾರೂ ಮುಟ್ಟಿಸಿಲ್ಲ, ಅಷ್ಟೇ.

ಸ್ಪೀಡೋಮೀಟರ್ ವೇಗವನ್ನು ಅಳೆಯುತ್ತದೆ ಎಂದು ನಾವು ನಂಬಿದ್ದೇವೆ. ಅದಕ್ಕೆ ರಸ್ತೆ ಕಾಣುವುದೇ ಇಲ್ಲ. ಗೇರ್‌ಬಾಕ್ಸಿನ ಹಿಂಬದಿಯಿಂದ ಹೊರಬರುವ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ ಅದರ ಅರಿವು. ಹಳೆಯ ಗಾಡಿಗಳಲ್ಲಿ ಆ ಶಾಫ್ಟಿನ ಪಕ್ಕದಲ್ಲೊಂದು ಪುಟ್ಟ ಪಿನಿಯನ್, ಅದರಿಂದ ಡ್ಯಾಶ್‌ಬೋರ್ಡಿನವರೆಗೆ ತಿರುಗುವ ಕೇಬಲ್. ಕೇಬಲ್ ತುದಿಯಲ್ಲಿ ಅಯಸ್ಕಾಂತ ಗಿರ್ರನೆ ಸುತ್ತುತ್ತದೆ, ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು ಕವುಚಿಕೊಂಡಿರುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ತಿರುಗುವ ಅಯಸ್ಕಾಂತವು ಬಟ್ಟಲಿನ ಲೋಹದಲ್ಲಿ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸಿ ಅದನ್ನು ತನ್ನೊಡನೆ ಎಳೆಯುತ್ತದೆ. ತೆಳ್ಳನೆಯ ಸ್ಪ್ರಿಂಗ್ ಆ ಎಳೆತವನ್ನು ತಡೆಯುತ್ತದೆ. ಎಳೆತ, ತಡೆ ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ನೂರು ವರ್ಷ ಬಾಳಿತು. ಈಗಿನ ಲಾರಿಗಳಲ್ಲಿ ಕೇಬಲ್ ಹೋಗಿ ಸೆನ್ಸರ್ ಬಂದಿದೆ. ಶಾಫ್ಟ್ ಒಂದು ಸುತ್ತು ತಿರುಗಿದರೆ ಅದು ಇಂತಿಷ್ಟು ಮಿಡಿತಗಳನ್ನು ಕಳಿಸುತ್ತದೆ. ಎಣಿಸುವ ರೀತಿ ಬದಲಾಯಿತು, ಎಣಿಸುವುದು ಅದೇ ಸುತ್ತುಗಳನ್ನು.

ಗಾಡಿ ಯಾವ ಗೇರಿನಲ್ಲಿದ್ದರೂ ಮೀಟರಿಗೆ ವ್ಯತ್ಯಾಸವಾಗದು, ಏಕೆಂದರೆ ಎಣಿಕೆ ನಡೆಯುವುದು ಗೇರುಗಳನ್ನು ದಾಟಿದ ಮೇಲೆ. ಎಣಿಕೆಯ ಜಾಗದಿಂದ ಆಚೆಗೆ ಎರಡೇ ಸಂಗತಿ ಉಳಿಯುತ್ತವೆ: ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುವ, ಹೌಸಿಂಗಿನೊಳಗಿನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್ ಪಿನಿಯನ್, ಮತ್ತು ಟೈರು. ಇವೆರಡರ ಅಳತೆಯನ್ನು ಕಾರ್ಖಾನೆಯಲ್ಲೇ ಊಹಿಸಿ ಮೀಟರಿನೊಳಗೆ ಕೂರಿಸಿರುತ್ತಾರೆ. ಆ ಊಹೆಯನ್ನು ನಾವು ಮುರಿದರೂ ಮೀಟರ್ ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತದೆ. (ಈಗಿನ ಅನೇಕ ಕಾರುಗಳಲ್ಲಿ ಎಣಿಕೆ ಚಕ್ರದ ಬಳಿಯೇ ನಡೆಯುತ್ತದೆ. ಅವುಗಳಿಗೆ ಟೈರಿನ ಚಿಂತೆ ಮಾತ್ರ.)

ಕ್ರೌನಿನ ಲೆಕ್ಕ ನೋಡೋಣ. ಮಿಸ್ತ್ರಿಗಳು "6/41", "7/41" ಎನ್ನುವುದು ಹಲ್ಲುಗಳ ಲೆಕ್ಕ: ಪಿನಿಯನ್ನಿಗೆ ಆರು ಅಥವಾ ಏಳು, ಕ್ರೌನಿಗೆ ನಲವತ್ತೊಂದು. 6/41ರಲ್ಲಿ ಚಕ್ರ ಒಮ್ಮೆ ತಿರುಗಲು ಶಾಫ್ಟ್ 6.83 ಸುತ್ತು ತಿರುಗಬೇಕು, 7/41ರಲ್ಲಿ 5.86 ಸಾಕು. ಮೊದಲನೆಯದು ಲೋಡ್ ಎಳೆಯಲು, ಎರಡನೆಯದು ಬಯಲು ರಸ್ತೆಯಲ್ಲಿ ಓಡಲು. 6/41 ಇದ್ದ ಗಾಡಿಗೆ 7/41 ಹಾಕಿದರೆ ಶಾಫ್ಟಿನ ಅದೇ ಸುತ್ತಿಗೆ ಚಕ್ರ ಆರನೇ ಒಂದು ಪಾಲು ಹೆಚ್ಚು ತಿರುಗುತ್ತದೆ. ಮೀಟರಿನ 60, ರಸ್ತೆಯ ಮೇಲೆ 70. ಹತ್ತೇ ಕಿಲೊಮೀಟರ್ ಎನ್ನಬೇಡಿ. ಬ್ರೇಕ್ ತಡೆಯಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 60ಕ್ಕೆ ಹೋಲಿಸಿದರೆ 70ರಲ್ಲಿ ಅದು ಶೇ 36 ಹೆಚ್ಚು, ಗಾಡಿ ನಿಲ್ಲಲು ಬೇಕಾದ ದೂರವೂ ಸರಿಸುಮಾರು ಅಷ್ಟೇ ಹೆಚ್ಚು.

ಟೈರಿನ ತಪ್ಪು ಇಷ್ಟು ದೊಡ್ಡದಲ್ಲ. 9.00-20 ಟೈರಿನ ವ್ಯಾಸ ಸುಮಾರು 1,018 ಮಿ.ಮೀ., 10.00-20ರದು ಸುಮಾರು 1,054. ಚಿಕ್ಕದನ್ನು ತೆಗೆದು ದೊಡ್ಡದು ಹಾಕಿದರೆ ಶೇ 3.5ರಷ್ಟು ವ್ಯತ್ಯಾಸ, ಅಂದರೆ ಮೀಟರ್ 60 ಎಂದಾಗ ನಿಜ ವೇಗ 62. ಸವೆದ ಟೈರಿನದು ಉಲ್ಟಾ: ಹನ್ನೆರಡು ಮಿ.ಮೀ. ಸವೆದರೆ ವ್ಯಾಸ ಇಪ್ಪತ್ತನಾಲ್ಕು ಮಿ.ಮೀ. ಕುಗ್ಗಿ, ಮೀಟರ್ ಶೇ 2ರಷ್ಟು ಹೆಚ್ಚು ತೋರಿಸುತ್ತದೆ. ರೀಸೋಲ್ ಮಾಡಿಸಿದರೆ ಮತ್ತೆ ಮೊದಲಿನ ಸ್ಥಿತಿ. ಕಾರ್ಖಾನೆಗಳೂ ಬೇಕೆಂದೇ ತುಸು ಹೆಚ್ಚು ತೋರಿಸುವ ಮೀಟರನ್ನೇ ಕೊಡುತ್ತವೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಅದೂ ನಿಜ ವೇಗದ ಹತ್ತನೇ ಒಂದು ಪಾಲಿನ ಮೇಲೆ 4 ಕಿ.ಮೀ. ಮೀರದಂತೆ. ಹಾಗಾಗಿ ಟೈರ್ ಒಂದು ಸೈಜ್ ದೊಡ್ಡದಾದಾಗ ಮೊದಲೇ ಹೆಚ್ಚು ತೋರಿಸುತ್ತಿದ್ದ ಮೀಟರ್ ಆಕಸ್ಮಿಕವಾಗಿ ಸರಿಯಾಗುವುದೂ ಉಂಟು.

ವೇಗಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಕಿಲೊಮೀಟರ್ ಲೆಕ್ಕದಲ್ಲಿ. ಕಿಲೊಮೀಟರ್ ಎಣಿಸುವುದೂ ಅದೇ ಸುತ್ತುಗಳಿಂದಲೇ ಅಲ್ಲವೇ? ನೂರು ಲೀಟರ್ ಡೀಸೆಲ್‌ಗೆ 400 ಕಿ.ಮೀ. ಓಡುವ ಲಾರಿಗೆ 6/41 ಬದಲು 7/41 ಬಂತೆಂದುಕೊಳ್ಳಿ. ಅದೇ 400 ಕಿ.ಮೀ. ಓಡಿದರೂ ಮೀಟರಿನಲ್ಲಿ 343 ಮಾತ್ರ ಕಾಣುತ್ತದೆ. ನಾಲ್ಕಿದ್ದ ಮೈಲೇಜ್ ಕಾಗದದ ಮೇಲೆ 3.4ಕ್ಕೆ ಇಳಿಯಿತು. ಧಣಿ ಮೊದಲು ಸಂಶಯಪಡುವುದು ಡ್ರೈವರನನ್ನು, ಆಮೇಲೆ ಪಂಪನ್ನು, ಕೊನೆಗೆ ಇಂಜಿನ್ನನ್ನು. ಕ್ರೌನಿನ ಹಲ್ಲು ಎಣಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಆಯಿಲ್ ಬದಲಿಸುವ ಅವಧಿಯೂ ಹೀಗೇ ಗೊತ್ತಿಲ್ಲದೆ ಮೀರಿಹೋಗುತ್ತದೆ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಲೋಡ್ ಇರುವಾಗಲೇ, ಗಾಳಿ ಸರಿಯಾಗಿ ತುಂಬಿಸಿ ಹಿಂದಿನ ಟೈರು ನೆಲ ಮುಟ್ಟುವಲ್ಲಿ ಸೀಮೆಸುಣ್ಣದಿಂದ ಟೈರಿಗೂ ನೆಲಕ್ಕೂ ಗೆರೆ ಎಳೆಯಿರಿ. ಗಾಡಿಯನ್ನು ಮೆಲ್ಲಗೆ ಮುಂದೆ ಬಿಡಿ. ಟೈರಿನ ಗೆರೆ ಹತ್ತನೇ ಸಲ ನೆಲಕ್ಕೆ ಬಂದಾಗ ಮತ್ತೊಂದು ಗುರುತು ಹಾಕಿ ಟೇಪ್ ಹಿಡಿಯಿರಿ. 32.3 ಮೀಟರ್ ಬಂದರೆ ಒಂದು ಸುತ್ತಿಗೆ 3.23 ಮೀಟರ್. ಪುಸ್ತಕದ ವ್ಯಾಸವನ್ನು ನಂಬುವುದಕ್ಕಿಂತ ಇದು ಮೇಲು, ಏಕೆಂದರೆ ಭಾರ ಬಿದ್ದ ಟೈರು ಕೆಳಗೆ ಚಪ್ಪಟೆಯಾಗಿ ಉರುಳುತ್ತದೆ.

ಎರಡನೆಯ ಪರೀಕ್ಷೆ ರಸ್ತೆಯ ಮೇಲೆ. ಶಹಾಪುರ, ಸುರಪುರ, ತಿಂಥಣಿ ಸೇತುವೆ ದಾಟಿ ಲಿಂಗಸುಗೂರಿನತ್ತ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ ಕಿಲೊಮೀಟರ್ ಕಲ್ಲುಗಳಿವೆ. ರಸ್ತೆ ಖಾಲಿ ಇರುವಾಗ ಮುಳ್ಳನ್ನು 60ರಲ್ಲೇ ಹಿಡಿದು ಓಡಿಸಿ. ಗಡಿಯಾರ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ 60 ಸೆಕೆಂಡ್ ಬಂದರೆ ಮೀಟರ್ ಸರಿ. 58 ಬಂದರೆ ನಿಜ ವೇಗ 62, 51 ಬಂದರೆ 70. ರಿಪೇರಿಯಲ್ಲಿ ಕಲ್ಲು ಸರಿದಿರಬಹುದು, ಆದ್ದರಿಂದ ಐದು ಕಲ್ಲು ದಾಟಿ ಸರಾಸರಿ ತೆಗೆಯಿರಿ. ಮೊಬೈಲಿನ ಜಿಪಿಎಸ್ ಕೂಡ ಆದೀತು. ತೆರೆದ ಬಯಲಿನಲ್ಲಿ, ಒಂದೇ ವೇಗದಲ್ಲಿ ಓಡುವಾಗ ಅದು ಮೀಟರಿಗಿಂತ ನಿಖರ. ಉಪಗ್ರಹದ ತರಂಗದಲ್ಲಾಗುವ ಡಾಪ್ಲರ್ ಬದಲಾವಣೆಯಿಂದ ಅದು ವೇಗವನ್ನು ಲೆಕ್ಕ ಹಾಕುತ್ತದೆ. ಟೈರು, ಕ್ರೌನುಗಳ ಹಂಗು ಅದಕ್ಕಿಲ್ಲ.

ಸರಿಪಡಿಸುವುದು ಹೇಗೆ? ಕೇಬಲ್ ಮೀಟರಾದರೆ ಶಾಫ್ಟಿನ ಬಳಿಯ ಪುಟ್ಟ ಪಿನಿಯನ್ ಬದಲಿಸಬೇಕು: 29 ಹಲ್ಲಿನದರ ಬದಲು 28ರದು ಹಾಕಿದರೆ ಕೇಬಲ್ ಶೇ 3.6ರಷ್ಟು ಜೋರಾಗಿ ತಿರುಗಿ ಟೈರಿನ ವ್ಯತ್ಯಾಸವನ್ನು ತುಂಬಿಕೊಡುತ್ತದೆ. ಎಲೆಕ್ಟ್ರಾನಿಕ್ ಮೀಟರಿಗೆ ಒಂದು ಕಿಲೊಮೀಟರಿಗೆ ಎಷ್ಟು ಮಿಡಿತ ಎಂಬ ಸಂಖ್ಯೆ ಕೊಡಬೇಕು. ಶಾಫ್ಟಿನ ಒಂದು ಸುತ್ತಿಗೆ 8 ಮಿಡಿತ, ಕ್ರೌನ್ 6/41, ಟೈರಿನ ಸುತ್ತಳತೆ 3.23 ಮೀಟರ್ ಆದರೆ ಆ ಸಂಖ್ಯೆ ಸುಮಾರು 16,925. ಕ್ರೌನ್ 7/41 ಆದರೆ 14,507. ಇದನ್ನು ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ತುಂಬುತ್ತಾರೆ.

ಕಾನೂನಿನ ಮಾತೂ ಇದೆ. ತಯಾರಕರ ಅಳತೆ ಮೀರಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಟೈರಿನ ಸೈಜ್ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಲೇಸು. 2018ರ ಏಪ್ರಿಲ್‌ನ ಕೇಂದ್ರದ ಅಧಿಸೂಚನೆಯಂತೆ ಸರಕು ವಾಹನಗಳ ಗರಿಷ್ಠ ವೇಗ ನಾಲ್ಕು ಪಥದ ಹೆದ್ದಾರಿಯಲ್ಲಿ 80, ಮಾಮೂಲಿ ರಸ್ತೆಗಳಲ್ಲಿ 60. ಪೊಲೀಸರ ರೇಡಾರ್ ಗನ್ ನಿಮ್ಮ ಮೀಟರನ್ನು ನೋಡುವುದಿಲ್ಲ. 6/41 ಬದಲು 7/41 ಬಂದ ಗಾಡಿಯಲ್ಲಿ, ಮೀಟರಿನ ಸೆನ್ಸರಿನ ಲೆಕ್ಕವನ್ನೇ ನಂಬಿದ ಸ್ಪೀಡ್ ಗವರ್ನರ್ ಕೂಡ 80ಕ್ಕೆ ತಡೆದೆನೆಂದುಕೊಂಡು 93ರವರೆಗೆ ಬಿಟ್ಟೀತು.

ಆದ್ದರಿಂದ ಲಾರಿ ಧಣಿಗಳಲ್ಲಿ ಒಂದು ವಿನಂತಿ. ಟೈರೋ ಹೌಸಿಂಗೋ ಬದಲಿಸಿದ ದಿನವೇ ಹತ್ತು ಸುತ್ತಿನ ಅಳತೆಯನ್ನೂ ಕ್ರೌನಿನ ಹಲ್ಲುಗಳನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಡ್ರೈವರನ ಹತ್ತಿರ ಡೀಸೆಲ್ ಲೆಕ್ಕ ಕೇಳುವುದು ಆಮೇಲೆ.