ಮಾತ್ರೆ ಮರೆತ ರಾತ್ರಿ

ಆಗಸ್ಟ್ ತಿಂಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಹೆಂಗಸರಿಗೆ ಬಿಡುವೆಂಬುದಿಲ್ಲ. ಹೊಗೆಸೊಪ್ಪಿನ ರಾಶಿಯ ಸುತ್ತ ಕೂತು ಕಡ್ಡಿಗೆ ಕಟ್ಟಿ ಕಟ್ಟಿ ಬೆರಳಿಗೆಲ್ಲ ಕಪ್ಪು ಅಂಟು. ಕತ್ತಲಾದ ಮೇಲೆ ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯಬೇಕು. ಕೆ.ಆರ್. ನಗರದಲ್ಲಿ ಅದೇ ಹೊತ್ತಿಗೆ ಭತ್ತದ ನಾಟಿ. ಕಾಫಿ ಕೊಯ್ಲಿನ ಕಾಲಕ್ಕೆ ಎಚ್.ಡಿ. ಕೋಟೆಯಿಂದ ಕೊಡಗಿಗೆ ಹೋದವರ ಗರ್ಭನಿರೋಧಕ ಮಾತ್ರೆಯ ಪಟ್ಟಿ ಊರಿನ ಗೂಡಿನಲ್ಲೇ ಉಳಿದಿರುತ್ತದೆ. ಇಂಥ ದುಡಿಮೆಯ ನಡುವೆ ಒಂದು ಮಾತ್ರೆ ಮರೆತರೆ ಅದು ತಪ್ಪಲ್ಲ. ಮರೆತ ಮೇಲೆ ಯಾರೋ ಹೇಳಿದ್ದನ್ನು ನಂಬಿ ಮಾಡುವ ಕೆಲಸಗಳೇ ತೊಂದರೆ ತರುತ್ತವೆ.

‘ಒಂದಿನ ತಪ್ಪಿದ್ರೆ ಮುಗೀತು ಕಣಕ್ಕ, ಇನ್ನು ನುಂಗಿ ಏನು ಪ್ರಯೋಜನ?’ ಹೀಗೆಂದು ಪಟ್ಟಿಯನ್ನೇ ಮೂಲೆಗೆ ಎಸೆಯುವವರು ಬಹಳ. ಗರ್ಭ ನಿಲ್ಲುವುದು ಹೆಚ್ಚಾಗಿ ಹೀಗೆ ಎಸೆದ ಮೇಲೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. ಅದರಲ್ಲಿ 21 ಮಾತ್ರೆಗಳಲ್ಲಿ ಹಾರ್ಮೋನು, ಕೊನೆಯ 7ರಲ್ಲಿ ಬರೀ ಕಬ್ಬಿಣಾಂಶ. ಹಾರ್ಮೋನು ಅಂಡಾಶಯವನ್ನು ಮಲಗಿಸಿಟ್ಟಿರುತ್ತದೆ. ಒಂದು ದಿನದ ಮರೆವಿಗೆ ಅದು ಎದ್ದು ಕೂರುವುದಿಲ್ಲ. ನೆನಪಾದ ಕೂಡಲೇ ಆ ಮಾತ್ರೆ, ಇವತ್ತಿನದು ಇವತ್ತಿನ ಹೊತ್ತಿಗೆ. ಒಂದೇ ದಿನ ಎರಡಾದರೂ ಭಯವಿಲ್ಲ.

ಸತತ ಎರಡು ಮೂರು ದಿನ ತಪ್ಪಿದರೆ ಮಾತು ಬೇರೆ. ಆಗ ಮರೆತದ್ದನ್ನೆಲ್ಲ ಒಟ್ಟಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆಯೇ ಹೊರತು ಲಾಭವಿಲ್ಲ. ಒಂದು ಮಾತ್ರೆ ತಗೊಂಡು, ದಿನದ ಲೆಕ್ಕ ಮುಂದುವರಿಸಿ, ಏಳು ದಿನ ಕಾಂಡೋಮ್ ಬಳಸಬೇಕು. ಏಳೇ ಯಾಕೆ? ಅಂಡಾಶಯ ಮತ್ತೆ ಮಲಗಲು ಅಷ್ಟು ದಿನ ಬೇಕು. ಮೂರನೆಯ ವಾರದಲ್ಲಿ ತಪ್ಪಿದ್ದರೆ ಕಬ್ಬಿಣದ ಮಾತ್ರೆ ಬಿಟ್ಟು ನೇರ ಹೊಸ ಪಟ್ಟಿಗೆ ಹೋಗಿ. ಕಬ್ಬಿಣದ ಮಾತ್ರೆಯೇ ಮರೆತಿದ್ದರೆ ಚಿಂತೆ ಬೇಡ. ಆದರೆ ಆ ಏಳು ದಿನ ಕಳೆದ ಮೇಲೆ ಹೊಸ ಪಟ್ಟಿ ಶುರುಮಾಡಲು ತಡ ಮಾಡುವುದಿದೆಯಲ್ಲ, ನಿಜವಾದ ಅಪಾಯ ಅಲ್ಲಿದೆ. ಏಳು ದಿನ ಹಾರ್ಮೋನಿಲ್ಲದ ದೇಹಕ್ಕೆ ಇನ್ನೆರಡು ದಿನ ಕೊಟ್ಟರೆ ಅಂಡಾಶಯ ಎದ್ದೇಳುತ್ತದೆ. ಮೊದಲ ವಾರದಲ್ಲೇ ಹೀಗೆ ತಪ್ಪಿ, ಆ ದಿನಗಳಲ್ಲಿ ಗಂಡ ಹೆಂಡತಿ ಕೂಡಿದ್ದರೆ, 72 ಗಂಟೆಯೊಳಗೆ ತುರ್ತು ಮಾತ್ರೆ ತಗೊಳ್ಳಬಹುದು. ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಅದು ಗರ್ಭಪಾತದ ಮಾತ್ರೆ ಅಲ್ಲ. ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ.

ಛಾಯಾ ಎಂಬ ಇನ್ನೊಂದು ಮಾತ್ರೆಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಈ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮರೆತು ಏಳು ದಿನ ಆಗಿಲ್ಲವೆಂದರೆ ನೆನಪಾದಾಗ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ. ಏಳು ದಿನ ದಾಟಿದ್ದರೆ ವಾರಕ್ಕೆರಡರಂತೆ ಮೊದಲಿಂದ ಶುರು. ಛಾಯಾ ತಗೊಳ್ಳುವವರಿಗೆ ಮುಟ್ಟು ತಡವಾಗುವುದು ಮಾಮೂಲು, ಅಷ್ಟಕ್ಕೇ ಬಸುರಿ ಎಂದು ಅಳುತ್ತಾ ಕೂರಬೇಡಿ. ಹದಿನೈದು ದಿನ ಮೀರಿದರೆ ಪರೀಕ್ಷೆ ಮಾಡಿಸಿ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಹಬ್ಬದ ಮಾತ್ರೆ. ಹುಣಸೂರಿನ ಹನುಮ ಜಯಂತಿ, ಚುಂಚನಕಟ್ಟೆ ಜಾತ್ರೆ, ಮನೆದೇವರ ಪೂಜೆ ಬಂತೆಂದರೆ ಮುಟ್ಟು ಮುಂದೂಡಲು ಮೆಡಿಕಲ್ ಸ್ಟೋರಿನಿಂದ ನಾರೆಥಿಸ್ಟೆರಾನ್ ಮಾತ್ರೆ ತರುತ್ತಾರೆ. ‘ಅದೂ ಹಾರ್ಮೋನು ತಾನೆ’ ಎಂದು ದಿನದ ಮಾತ್ರೆ ಬಿಡುತ್ತಾರೆ. ಅದನ್ನು ನಂಬಿ ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳುವಂತಿಲ್ಲ. ಮಾಲಾ-ಎನ್ ತಗೊಳ್ಳುವವರಿಗೆ ಅದು ಬೇಕಾಗಿಯೂ ಇಲ್ಲ. ಕಬ್ಬಿಣದ ಮಾತ್ರೆ ಬಿಟ್ಟು ಹೊಸ ಪಟ್ಟಿ ಶುರುಮಾಡಿದರೆ ಮುಟ್ಟು ತಾನಾಗಿ ಮುಂದೆ ಹೋಗುತ್ತದೆ.

ಜ್ವರ, ಕೆಮ್ಮಿನ ಮಾಮೂಲಿ ಆಂಟಿಬಯೋಟಿಕ್ ಗರ್ಭನಿರೋಧಕವನ್ನು ಕೆಡಿಸುವುದಿಲ್ಲ. ಕೆಡಿಸುವುದು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಔಷಧ. ಇವನ್ನು ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು.

ಮುಟ್ಟು ನಿಂತಾಗ ಪರಂಗಿ ಹಣ್ಣು, ಎಳ್ಳು ಬೆಲ್ಲದ ಉಂಡೆ ತಿಂದರೆ ‘ಉಷ್ಣಕ್ಕೆ ಇಳಿದುಹೋಗುತ್ತೆ’ ಎಂದು ದಿನ ದೂಡುವುದು ಬೇಡ. ಅದರಿಂದ ಗರ್ಭ ಹೋಗುವುದಿಲ್ಲ, ದಿನ ಹೋಗುತ್ತದೆ. ಆಶಾ ಕಾರ್ಯಕರ್ತೆಯ ಬಳಿ ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ ಉಚಿತ. ಕೂಡಿದ ಮೂರು ವಾರದ ನಂತರ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದರೆ ಉತ್ತರ ನಂಬಬಹುದು. ಬಸುರಿ ಎಂದು ಗೊತ್ತಾಗಿ, ಮಗು ಬೇಕೆನಿಸಿದರೆ, ತಿಳಿಯದೆ ನುಂಗಿದ ಮಾಲಾ-ಎನ್‌ನಿಂದ ಕೂಸಿಗೆ ಊನವಾಗುತ್ತದೆಂದು ಹೆದರಬೇಕಿಲ್ಲ. ಮಾತ್ರೆ ನಿಲ್ಲಿಸಿ ತಾಯಿ ಕಾರ್ಡ್ ಮಾಡಿಸಿದರಾಯಿತು.

ಬೇಡವೆನಿಸಿದರೆ? ‘ಗಂಡನ ಸಹಿ ಇಲ್ಲದೆ ಆಸ್ಪತ್ರೆಯಲ್ಲಿ ಮುಟ್ಟೋದಿಲ್ಲ’ ಎಂಬ ಮಾತಿಗೆ ಹೆದರಿ ಎಷ್ಟೋ ಹೆಂಗಸರು ಕದ್ದುಮುಚ್ಚಿ ಮಾತ್ರೆ ತಂದು ರಕ್ತ ಹರಿಸಿಕೊಂಡಿದ್ದಾರೆ. 1971ರ ಗರ್ಭಪಾತ ಕಾಯ್ದೆ ಕೇಳುವುದು 18 ತುಂಬಿದ ಹೆಣ್ಣಿನ ಒಪ್ಪಿಗೆ ಮಾತ್ರ. ಗರ್ಭನಿರೋಧಕ ಕೈಕೊಟ್ಟಿತೆಂಬುದೂ ಅದರಲ್ಲಿ ಒಪ್ಪುವ ಕಾರಣವೇ. 2021ರ ತಿದ್ದುಪಡಿಯ ನಂತರ ಈ ಕಾರಣಕ್ಕೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮದುವೆಯಾಗಿರಬೇಕೆಂದೂ ಇಲ್ಲ. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಮೇಲೆ ಕಾನೂನು ಹೊರಿಸಿದ ಹೊಣೆ.