ನೋವಿನ ಸೂಜಿ ಹಾಕಿಸಿಕೊಳ್ಳುವ ಮುನ್ನ

ಸೊಂಟ ಹಿಡಿಯಲಿ, ಮೊಣಕಾಲು ಊದಲಿ, ಮೈಕೈ ನುರಿಯುವ ಜ್ವರ ಬರಲಿ, ದವಾಖಾನೆಯ ಮೆಟ್ಟಿಲು ಹತ್ತುತ್ತಲೇ ನಮ್ಮವರ ಬಾಯಲ್ಲಿ ಬರುವ ಮಾತು ಒಂದೇ: "ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ." ಒಂದು ದಿನ ಮಲಗಿದರೆ ಒಂದು ದಿನದ ಸಂಬಳ ಹೋಗುವ ಈ ಮುಂಬಯಿಯಲ್ಲಿ ಆ ಆತುರವನ್ನು ನಾವು ಹಳಿಯಲಾರೆವು. ಆದರೆ ಕೇಳಿ ಪಡೆಯುವ ಆ ಸೂಜಿಯಲ್ಲಿ ಇರುವುದೇನೆಂಬುದನ್ನು ತಿಳಿದು ಕೇಳುವುದು ಲೇಸು.

ಅದರಲ್ಲಿ ಬಹುಮಟ್ಟಿಗೆ ಇರುವುದು ಡೈಕ್ಲೋಫಿನಾಕ್ ಎಂಬ ಮದ್ದು. 1974ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದ ಇದು ನಮ್ಮಲ್ಲಿ ವೊವೆರಾನ್ ಮೊದಲಾದ ಹೆಸರುಗಳಿಂದ ಪರಿಚಿತವಾಗಿದೆ. ಪೆಟ್ಟಾದ ಕಡೆ, ಬಾತ ಕಡೆ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟಿ ನೋವನ್ನೂ ಬಾವನ್ನೂ ಹೆಚ್ಚಿಸುತ್ತವೆ. ಈ ಮದ್ದು ಅವು ಹುಟ್ಟದಂತೆ ತಡೆಯುತ್ತದೆ. ಆಸ್ಪಿರಿನ್ ಜಾತಿಯ ಮದ್ದುಗಳು ಹೀಗೆ ಕೆಲಸ ಮಾಡುತ್ತವೆಂದು 1971ರಲ್ಲಿ ತೋರಿಸಿಕೊಟ್ಟ ಇಂಗ್ಲೆಂಡಿನ ಜಾನ್ ವೇನ್ ಅವರು 1982ರ ನೊಬೆಲ್ ಪಾರಿತೋಷಕ ಪಡೆದವರಲ್ಲಿ ಒಬ್ಬರು. ತೊಡಕೇನೆಂದರೆ, ಅದೇ ದ್ರವ್ಯಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ. ಮೂತ್ರಪಿಂಡಕ್ಕೆ ರಕ್ತ ಸಾಕಷ್ಟು ಹರಿಯುವಂತೆಯೂ ನೋಡಿಕೊಳ್ಳುತ್ತವೆ. ನೋವನ್ನು ತಡೆಯುವ ಮದ್ದು ಈ ಕಾವಲನ್ನೂ ಸಡಿಲಿಸುತ್ತದೆ.

"ಗುಳಿಗೆ ಹೊಟ್ಟೆ ಸುಡುತ್ತದೆ, ಸೂಜಿ ಹೊಟ್ಟೆಗೆ ಹೋಗುವುದೇ ಇಲ್ಲವಲ್ಲ" ಎನ್ನುವವರು ಬಹಳ. ಇದು ಸರಿಯಲ್ಲ. ಸ್ನಾಯುವಿಗೆ ಚುಚ್ಚಿದ ಮದ್ದು ರಕ್ತಕ್ಕೆ ಸೇರಿ ಜಠರದ ಗೋಡೆಯನ್ನು ಮುಟ್ಟಿಯೇ ಮುಟ್ಟುತ್ತದೆ. ಹುಣ್ಣು ಇದ್ದವನಿಗೆ ಸೂಜಿಯಿಂದಲೂ ರಕ್ತಸ್ರಾವವಾಗಬಹುದು. ಮೂತ್ರದ ಕಲ್ಲಿನ ಶೂಲೆಗೆ ಈ ಸೂಜಿ ಒಳ್ಳೆಯ ಮದ್ದೇ. ವಾಂತಿಯಿಂದ ಗುಳಿಗೆ ನಿಲ್ಲದವರಿಗೂ ಉಪಯುಕ್ತ. ನುಂಗಬಲ್ಲವನಿಗೆ ಸಾಧಾರಣ ನೋವಿಗೆ ಗುಳಿಗೆಯೇ ಸಾಕು.

ಡಾಕ್ಟರರಿಗೆ ಮೊದಲೇ ಹೇಳಬೇಕಾದ ಸಂಗತಿಗಳು ಕೆಲವಿವೆ. ಹಿಂದೆ ಹೊಟ್ಟೆಹುಣ್ಣು ಆಗಿತ್ತೇ, ಮಲ ಕಪ್ಪಾಗಿ ಹೋಗಿತ್ತೇ, ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ ಇದೆಯೇ, ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿದ್ದೀರಾ, ಬಸುರಿಯೇ. ಉಬ್ಬಸದವರು ವಿಶೇಷವಾಗಿ ಹೇಳಬೇಕು, ಏಕೆಂದರೆ ಅವರಲ್ಲಿ ಕೆಲವರಿಗೆ ಆಸ್ಪಿರಿನ್ ಜಾತಿಯ ಯಾವ ಮದ್ದಾದರೂ ಉಸಿರು ಕಟ್ಟಿಸುತ್ತದೆ. ಬೆಳಿಗ್ಗೆಯೇ ಬ್ರೂಫೇನ್‌ನಂಥ ಗುಳಿಗೆ ನುಂಗಿದ್ದರೆ ಅದನ್ನೂ ಮುಚ್ಚಿಡಕೂಡದು. ಹಿಂದಿ, ಮರಾಠಿ ಸರಾಗವಾಗಿ ಬಾರದ ಹೊಸಬರು ತಮ್ಮ ಕಾಯಿಲೆ ಮತ್ತು ಗುಳಿಗೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಲಿ. ಓದುಕೋಣೆಗೆ ಬಂದರೆ ಬರೆದುಕೊಡುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಮಳೆಗಾಲದ ಜ್ವರದ ಮಾತು ಬೇರೆ. ಡೆಂಗ್ಯೂವಿನಲ್ಲಿ ಮೂಳೆ ಮುರಿದಂಥ ನೋವು ಬರುವುದರಿಂದ ಜನ ಸೂಜಿಯನ್ನೇ ಬೇಡುತ್ತಾರೆ. ಆದರೆ ಡೆಂಗ್ಯೂವಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿಯುತ್ತವೆ. ಡೈಕ್ಲೋಫಿನಾಕ್ ಆ ಕಣಗಳ ಕೆಲಸಕ್ಕೂ ಅಡ್ಡಬರುತ್ತದೆ. ಚುಚ್ಚಿದಲ್ಲಿಯೇ ರಕ್ತ ಕಟ್ಟಬಹುದು, ಒಳಗೆ ಸ್ರವಿಸಬಹುದು. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಡಾಕ್ಟರರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಒಂದೇ ಸಾಕು. ಬೇಡವೆನ್ನುವ ಡಾಕ್ಟರರನ್ನು ಬಿಟ್ಟು ಹಾಕುವ ಡಾಕ್ಟರರನ್ನು ಹುಡುಕಿಕೊಂಡು ಹೋಗಬೇಡಿ.

ಸೂಜಿಯೂ ಪಿಚಕಾರಿಯೂ ಹೊಸ ಪೊಟ್ಟಣದಿಂದ ನಿಮ್ಮೆದುರೇ ಹೊರಬರಲಿ, ಆಂಪ್ಯೂಲನ್ನು ನಿಮ್ಮೆದುರೇ ಒಡೆಯಲಿ. ಈ ಮದ್ದು ಒಂಟಿ ಪ್ರಮಾಣದಲ್ಲಿ ಮಾತ್ರ ಬರುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಈ ಮದ್ದು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿರಾಶಿಯಾಗಿ ಸತ್ತವು. 2006ರಲ್ಲಿ ದನಗಳಿಗೆ ಇದನ್ನು ನಿಷೇಧಿಸಿದರೂ ಮನುಷ್ಯರ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದವು. ಆದ್ದರಿಂದ 2015ರಲ್ಲಿ ಕೇಂದ್ರ ಸರಕಾರವು ಒಂಟಿ ಪ್ರಮಾಣದ ಸೂಜಿಮದ್ದಷ್ಟೇ ಇರತಕ್ಕದ್ದೆಂದು ವಿಧಿಸಿತು. ಹದ್ದಿಗಾಗಿ ಮಾಡಿದ ಕಟ್ಟಳೆಯಿಂದ ನಮಗೂ ಮುಚ್ಚಿದ ಸೀಸೆ ದೊರೆಯಿತು!

ಪೃಷ್ಠಕ್ಕೆ ಚುಚ್ಚುವಾಗ ಮೇಲ್ಭಾಗದ ಹೊರಮಗ್ಗುಲಿಗೇ, ಸ್ನಾಯುವಿನ ಆಳಕ್ಕೆ ಚುಚ್ಚಬೇಕು. ಕೆಳಗೆ, ಒಳಮಗ್ಗುಲಿಗೆ ಕಾಲಿಗಿಳಿಯುವ ದೊಡ್ಡ ನರವಿದೆ. ನಾಚಿಕೆಯಿಂದ ನಿಂತುಕೊಂಡೇ ಪ್ಯಾಂಟನ್ನು ಎರಡು ಬೆರಳು ಸರಿಸಿದರೆ ಕಂಪೌಂಡರನಿಗೆ ಜಾಗ ತಿಳಿಯುವುದಾದರೂ ಹೇಗೆ? ಬೋರಲು ಮಲಗಿ ಮೈ ಸಡಿಲ ಬಿಡಿ. ಚುಚ್ಚುವಾಗ ಕಾಲಿನುದ್ದಕ್ಕೂ ಮಿಂಚು ಹೊಡೆದಂತಾದರೆ ಕೂಡಲೇ ಕೂಗಿ ಹೇಳಿ.

ಅನಂತರ ಅರ್ಧ ಗಂಟೆ ದವಾಖಾನೆಯಲ್ಲಿಯೇ ಕುಳಿತಿರಿ. ತುರಿಕೆ, ತುಟಿ ಊತ, ಉಬ್ಬಸ, ತಲೆಸುತ್ತು ಬಂದರೆ ಅಲ್ಲಿಯೇ ಉಪಚಾರವಾಗುತ್ತದೆ. ಅಪರೂಪಕ್ಕೆ ಚುಚ್ಚಿದ ಜಾಗ ಕೂಡಲೇ ವಿಪರೀತ ನೊಂದು, ಬಿಳಿಚಿ, ಆಮೇಲೆ ನೀಲಿ ಬಲೆಯಂತೆ ಕಾಣುತ್ತದೆ. ರಕ್ತ ಹರಿಯದೆ ಅಲ್ಲಿಯ ಚರ್ಮ ಸಾಯುತ್ತಿರುವ ಲಕ್ಷಣವದು. ಶಾಖ ಕೊಡುತ್ತ ಮನೆಯಲ್ಲಿ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಎದೆನೋವು ಬಂದರೆ ಕೂಡ ಹಾಗೆಯೇ.

ಸಾಮಾನ್ಯ ಆಂಪ್ಯೂಲಿನಲ್ಲಿ 75 ಮಿಲಿಗ್ರಾಂ ಇರುತ್ತದೆ. ಗುಳಿಗೆಯೂ ಸೇರಿ ದಿನಕ್ಕೆ 150 ಮಿಲಿಗ್ರಾಂ ಮೀರಕೂಡದು; ಸೂಜಿಯಾಗಿ ಎರಡು ದಿನಕ್ಕಿಂತ ಹೆಚ್ಚು ಬೇಡ. ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಎಂದು ಡಾಕ್ಟರರಿಂದ ಬರೆಸಿಕೊಳ್ಳಿ. ರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿ ಮೊದಲು ಕೇಳುವುದು ಅದನ್ನೇ.