ಹಗ್ಗದ ಹಾದಿ

ಎರಡನೆಯ ಮಹಾಯುದ್ಧದ ಮೊದಲ ವರ್ಷಗಳು. ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸುತ್ತಿದ್ದ ಬ್ರಿಟನ್ನಿನ ಸರಕು ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಒಂದಾದ ಮೇಲೊಂದರಂತೆ ಮುಳುಗಿಸುತ್ತಿದ್ದವು. ಹಡಗು ಒಡೆದಾಗ ನಾವಿಕರು ಸಣ್ಣ ದೋಣಿಗಳಿಗೆ ಇಳಿದು, ಕೊರೆಯುವ ಚಳಿಯಲ್ಲಿ ನೆರವಿಗಾಗಿ ಕಾದು ತೇಲುತ್ತಿರಬೇಕಾಗಿತ್ತು. ಬ್ಲೂ ಫನೆಲ್ ಎಂಬ ಹಡಗು ಸಂಸ್ಥೆಯ ಒಡೆಯರಲ್ಲೊಬ್ಬನಾದ ಲಾರೆನ್ಸ್ ಹೋಲ್ಟ್ ಎಂಬಾತನ ಮನಸ್ಸನ್ನು ಆಗ ಒಂದು ಸಂಗತಿ ಕಲಕಿತು. ದೇಹಬಲದಲ್ಲಿ ಮೇಲಾಗಿದ್ದ ಎಳೆಯ ನಾವಿಕರು ದೋಣಿಯಲ್ಲಿ ಬೇಗನೆ ಕೈಚೆಲ್ಲಿ ಪ್ರಾಣಬಿಡುತ್ತಿದ್ದಾರೆಂದೂ, ಗಾಳಿಮಳೆಗಳಿಗೆ ಮೈಯೊಡ್ಡಿ ಪಳಗಿದ ಹಿರಿಯರು ಬದುಕಿ ಬರುತ್ತಿದ್ದಾರೆಂದೂ ಆತನಿಗೆ ತೋರಿತು. ತರುಣರಲ್ಲಿ ಕೊರತೆಯಾಗಿದ್ದುದು ತೋಳಿನ ಶಕ್ತಿಯಲ್ಲ. ತನ್ನ ಮೇಲಿನ ಹಾಗೂ ಜೊತೆಗಾರರ ಮೇಲಿನ ನಂಬಿಕೆ.

ಈ ಚಿಂತೆಯಲ್ಲಿ ಹೋಲ್ಟನ ಜೊತೆಗೂಡಿದವನು ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞ. 1886ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಈತ, ಜರ್ಮನಿಯ ಸಾಲೆಂ ಎಂಬಲ್ಲಿ ಹೆಸರಾಂತ ಶಾಲೆಯೊಂದನ್ನು ನಡೆಸುತ್ತಿದ್ದನು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದ್ದರಿಂದ 1933ರಲ್ಲಿ ಸೆರೆಮನೆ ಸೇರಿ, ಬಿಡುಗಡೆಯಾದ ಬಳಿಕ ಬ್ರಿಟನ್ನಿಗೆ ಬಂದು, ಮರುವರ್ಷವೇ ಸ್ಕಾಟ್ಲೆಂಡಿನ ಗಾರ್ಡನ್‌ಸ್ಟನ್ ಎಂಬಲ್ಲಿ ಮತ್ತೊಂದು ಶಾಲೆಯನ್ನು ತೆರೆದನು. ಹೋಲ್ಟ್ ಮತ್ತು ಹಾನ್ ಇಬ್ಬರೂ ಕೂಡಿ 1941ರಲ್ಲಿ ವೇಲ್ಸ್ ಪ್ರಾಂತದ ಕಡಲ ತೀರದಲ್ಲಿರುವ ಅಬರ್ಡವಿ ಎಂಬ ಊರಿನಲ್ಲಿ ತರಬೇತಿ ಶಾಲೆಯೊಂದನ್ನು ಸ್ಥಾಪಿಸಿದರು. ಬಂದರನ್ನು ಬಿಟ್ಟು ಹೊರಟ ಹಡಗಿಗೆ ನಾವಿಕರು ಹೇಳುವ ‘ಔಟ್‌ವರ್ಡ್ ಬೌಂಡ್’ ಎಂಬ ಮಾತೇ ಆ ಶಾಲೆಯ ಹೆಸರಾಯಿತು. ತರುಣರು ಅಲ್ಲಿ ಸುಮಾರು ಒಂದು ತಿಂಗಳು ತಂಗಿ, ದೋಣಿ ನಡೆಸುತ್ತ, ಬೆಟ್ಟ ಹತ್ತುತ್ತ, ಪರರ ಪ್ರಾಣವನ್ನು ಕಾಪಾಡುವ ವಿದ್ಯೆಯನ್ನು ಕಲಿಯುತ್ತಿದ್ದರು. ಅವರೆಲ್ಲ ನಾವಿಕರೇ ಆಗಬೇಕೆಂಬ ನಿಯಮವಿರಲಿಲ್ಲ. ಕಡಲು ಇಲ್ಲಿ ಕಲಿಕೆಯ ವಿಷಯವಲ್ಲ, ಕಲಿಸುವ ಗುರು.

ಹಗ್ಗ, ಮರದ ದಿಮ್ಮಿ, ಗೋಡೆಗಳನ್ನು ಬಳಸಿ ಮನುಷ್ಯನನ್ನು ಪಳಗಿಸುವ ಪದ್ಧತಿಗೆ ಇದಕ್ಕಿಂತಲೂ ಹಿಂದಿನ ಬೇರೊಂದಿದೆ. ಫ್ರೆಂಚ್ ನೌಕಾದಳದ ಅಧಿಕಾರಿಯಾಗಿದ್ದ ಜಾರ್ಜ್ ಎಬೇರ್, 1902ರಲ್ಲಿ ಮಾರ್ಟಿನಿಕ್ ದ್ವೀಪದ ಪೆಲೇ ಪರ್ವತವು ಬೆಂಕಿಯುಗುಳಿ ಸೇಂಟ್ ಪಿಯೇರ್ ನಗರವು ನಾಶವಾದಾಗ, ಬದುಕುಳಿದವರ ರಕ್ಷಣೆಯ ಕಾರ್ಯದಲ್ಲಿ ತೊಡಗಿದ್ದನು. ಆ ದುರಂತದಲ್ಲಿ ಮಡಿದವರು ಸುಮಾರು 28,000 ಮಂದಿ. ಮನುಷ್ಯನು ಬಲವನ್ನು ಗಳಿಸಬೇಕಾದುದು ಇತರರಿಗೆ ಉಪಯುಕ್ತನಾಗುವುದಕ್ಕಾಗಿಯೇ ಎಂಬುದು ಎಬೇರನ ದೃಢವಾದ ನಂಬಿಕೆ. ನಡೆಯುವುದು, ಓಡುವುದು, ಹಾರುವುದು, ಹತ್ತುವುದು, ಆಯ ತಪ್ಪದೆ ಸಾಗುವುದು ಮುಂತಾದ ಸಹಜ ಚಲನೆಗಳನ್ನೇ ಆಧರಿಸಿ ಆತನು ನಾವಿಕರಿಗೆ ಅಡೆತಡೆಗಳ ಹಾದಿಗಳಲ್ಲಿ ತರಬೇತಿ ನೀಡಿದನು. ಕಾಲಾನಂತರದಲ್ಲಿ ಇಂಥ ಹಾದಿಗಳು ಸೈನಿಕ ಶಿಬಿರಗಳಲ್ಲೆಲ್ಲ ಹರಡಿದವು. ಆದರೆ ಅಲ್ಲಿ ಒಬ್ಬೊಬ್ಬನೂ ಕಾಲಮಾನದೊಡನೆ ಸ್ಪರ್ಧಿಸಿ ತಾನೊಬ್ಬನೇ ಓಡುತ್ತಿದ್ದನು; ಹಾಗಾಗಿ ಎಬೇರನ ಆಶಯದ ಅರ್ಧಭಾಗ ಮರೆಯಾಯಿತೆಂದೇ ಹೇಳಬೇಕು.

ಆ ಅರ್ಧಭಾಗವು ಮರಳಿ ಬೆಳಕಿಗೆ ಬಂದದ್ದು ಅಮೆರಿಕದಲ್ಲಿ. ಗಾರ್ಡನ್‌ಸ್ಟನ್ನಿನಲ್ಲಿ ಅಧ್ಯಾಪಕನಾಗಿದ್ದ ಜೋಷ್ ಮೈನರ್ ಮೊದಲಾದವರ ಪ್ರಯತ್ನದಿಂದ 1962ರಲ್ಲಿ ಕೊಲೊರಾಡೊ ರಾಜ್ಯದ ಬೆಟ್ಟಗಳ ನಡುವೆ ಔಟ್‌ವರ್ಡ್ ಬೌಂಡ್ ಶಾಲೆ ಆರಂಭವಾಯಿತು. ಆದರೆ ತಿಂಗಳುಗಟ್ಟಲೆ ಬೆಟ್ಟದಲ್ಲಿ ಕಳೆಯುವ ಅನುಕೂಲ ಎಷ್ಟು ಮಕ್ಕಳಿಗೆ ಇದ್ದೀತು? ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಮಿಲ್ಟನ್-ವೆನ್‌ಹ್ಯಾಂ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಜೆರಿ ಪೀ ಎಂಬಾತನು ಇದಕ್ಕೊಂದು ಉತ್ತರವನ್ನು ಕಂಡುಕೊಂಡನು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಲಾಗದಿದ್ದರೆ ಬೆಟ್ಟದ ಪಾಠವನ್ನೇ ಶಾಲೆಗೆ ತರಬಹುದಲ್ಲವೇ? 1971ರಲ್ಲಿ ಅಲ್ಲಿ ‘ಪ್ರಾಜೆಕ್ಟ್ ಅಡ್ವೆಂಚರ್’ ಎಂಬ ಯೋಜನೆ ಹುಟ್ಟಿತು. ಮರದಿಂದ ಮರಕ್ಕೆ ಬಿಗಿದ ಹಗ್ಗಗಳು ಪರ್ವತದ ಸ್ಥಾನವನ್ನು ಪಡೆದವು. ಮುಂದೆ ಇಂಥ ಹಗ್ಗದ ಹಾದಿಗಳು ಯುವಕ ಸಂಘಗಳು, ಬೇಸಗೆ ಶಿಬಿರಗಳು, ಊರಿನ ಉದ್ಯಾನಗಳು ಮುಂತಾದೆಡೆಗಳಲ್ಲಿಯೂ ನೆಲೆಗೊಂಡು, ವಯಸ್ಸು ವೃತ್ತಿಗಳ ಭೇದವಿಲ್ಲದೆ ಜನ ಕೂಡಿ ಶ್ರಮಿಸುವ ತಾಣಗಳಾದವು.

ಈ ಹಾದಿಯ ಅಡೆತಡೆಗಳಲ್ಲಿ ‘ಗೋಡೆ’ ಎಂಬುದು ಅತ್ಯಂತ ಸರಳವಾದುದು. ಕಲಿಸುವುದರಲ್ಲಿ ಬಹುಶಃ ಎಲ್ಲಕ್ಕಿಂತ ಮಿಗಿಲಾದುದು. ನುಣುಪಾದ ಹಲಗೆಗಳನ್ನು ಜೋಡಿಸಿ 12ರಿಂದ 14 ಅಡಿಗಳಷ್ಟು, ಎಂದರೆ ಎರಡಾಳೆತ್ತರವನ್ನು ಮೀರಿ, ಅದನ್ನು ನಿಲ್ಲಿಸಿರುತ್ತಾರೆ. ಮುಂಬದಿಯಲ್ಲಿ ಕೈಗೆ ಹಿಡಿತವಿಲ್ಲ, ಕಾಲಿಗೆ ಮೆಟ್ಟಿಲಿಲ್ಲ. ಹಿಂಬದಿಯಲ್ಲಿ ಮಾತ್ರ ಹತ್ತಿದವರು ನಿಲ್ಲಲು ಅಟ್ಟಣೆಯೊಂದಿರುತ್ತದೆ. ಹನ್ನೆರಡು ಹದಿನೈದು ಜನರ ತಂಡವೊಂದು ಏಣಿಯಾಗಲಿ ಹಗ್ಗವಾಗಲಿ ಇಲ್ಲದೆ ಇದನ್ನು ದಾಟಬೇಕು. ಒಬ್ಬರೂ ಹಿಂದುಳಿಯಕೂಡದು.

ಸಾಮಾನ್ಯವಾಗಿ ನಡೆಯುವುದು ಹೀಗೆ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವನು ಮುಂದೆ ಬಂದು ತಾನೇ ಮೊದಲು ಹತ್ತುವೆನೆನ್ನುತ್ತಾನೆ. ಇಬ್ಬರು ಹೆಗಲು ಕೊಡುತ್ತಾರೆ. ಅವನು ಅಂಚನ್ನು ಹಿಡಿದು ಮೇಲೇರುತ್ತಾನೆ. ಅವನಂಥವರೇ ಮತ್ತಿಬ್ಬರು ಏರುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅನಂತರ ನೋಡಿದರೆ ಕೆಳಗುಳಿದವರಲ್ಲಿ ಭಾರವಾದವರನ್ನು ಎತ್ತಬಲ್ಲವರೇ ಇಲ್ಲ! ಮೊದಲನೆಯವನನ್ನು ಎತ್ತಲು ಕೆಳಗೆ ಹತ್ತಾರು ಕೈಗಳಿದ್ದವು. ಕೊನೆಯವನಿಗೆ ಒಂದೂ ಇಲ್ಲ. ಅವನು ಓಡಿಬಂದು ನೆಗೆದು, ಮೇಲಿನಿಂದ ಬಾಗಿದವರ ಕೈಗಳನ್ನು ಹಿಡಿಯಬೇಕು. ಆದ್ದರಿಂದ ಕೊನೆಯವನು ಯಾರಾಗಬೇಕೆಂಬುದನ್ನು ಮೊದಲನೆಯವನು ಹತ್ತುವ ಮುನ್ನವೇ ನಿರ್ಧರಿಸಬೇಕಾಗುತ್ತದೆ. ಈ ಲೆಕ್ಕವು ಅನೇಕ ವೇಳೆ ಹೊಳೆಯುವುದು ಗಟ್ಟಿ ದನಿಯವರಿಗಲ್ಲ. ಬದಿಯಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದವರಿಗೆ. ಅವರ ಮಾತನ್ನು ಕೇಳಲು ತಂಡವು ಒಪ್ಪಿದ ಗಳಿಗೆಯಲ್ಲಿ ನಾಯಕತ್ವವು ಕೈ ಬದಲಿಸುತ್ತದೆ. ಗೋಡೆಯ ಬುಡದಲ್ಲಿ ಯೋಜನೆ ಹೂಡಿದವಳು ನಾಯಕಿ. ಮೇಲೆ ಬಾಗಿ ಕೈಚಾಚಿದವನು ಆ ಕ್ಷಣದ ನಾಯಕ. ಅಂಜಿದವನಿಗೆ ಮೆಲುದನಿಯಲ್ಲಿ ಧೈರ್ಯ ಹೇಳಿದವನು ಇನ್ನೊಂದು ಕ್ಷಣಕ್ಕೆ ನಾಯಕ.

ನೆಲದಿಂದ ಬಹು ಎತ್ತರದಲ್ಲಿ ಕಟ್ಟಿದ ಹಾದಿಗಳದು ಬೇರೆಯೇ ಬಗೆ. ಇಲ್ಲಿ ಸೆಣಬಿನ ಹಗ್ಗ ಸಾಲದು. ಮಳೆಗೆ ಕೊಳೆಯದ ಉಕ್ಕಿನ ತಂತಿಹಗ್ಗ ಬೇಕು. ನಡೆಯುವವನು ತಲೆಗೆ ಶಿರಸ್ತ್ರಾಣ, ಸೊಂಟಕ್ಕೆ ಬಲವಾದ ಪಟ್ಟಿ ಧರಿಸಿ, ಉಕ್ಕಿನ ಕೊಂಡಿಯ ಮೂಲಕ ಸುರಕ್ಷಾ ಹಗ್ಗಕ್ಕೆ ತನ್ನನ್ನು ಬಂಧಿಸಿಕೊಳ್ಳುತ್ತಾನೆ. ಎಷ್ಟೋ ಹಾದಿಗಳಲ್ಲಿ ಆ ಹಗ್ಗದ ಇನ್ನೊಂದು ತುದಿ ನೆಲದ ಮೇಲೆ ನಿಂತ ಜೊತೆಗಾರನ ಕೈಯಲ್ಲಿರುತ್ತದೆ. ಮೇಲಿನವನು ಹೆಜ್ಜೆಯಿಟ್ಟಂತೆ ಕೆಳಗಿನವನು ಸಡಿಲವನ್ನು ಎಳೆದುಕೊಳ್ಳುತ್ತಲೇ ಇರಬೇಕು. ನೋಡುವವರ ಕಣ್ಣೆಲ್ಲ ಮೇಲಿನವನ ಮೇಲೆ. ಅವನ ಪ್ರಾಣವಿರುವುದು ಯಾರೂ ನೋಡದ ಈ ಕೈಯಲ್ಲಿ.

ಅಂಜುವವರನ್ನು ಬಲವಂತದಿಂದ ಹತ್ತಿಸಿದರೆ ಧೈರ್ಯ ಬಂದೀತೆ? ಬರಲಾರದು, ಅವಮಾನವಷ್ಟೇ ಉಳಿದೀತು. ಪ್ರಾಜೆಕ್ಟ್ ಅಡ್ವೆಂಚರಿನಲ್ಲಿ ಅನೇಕ ಆಟಗಳನ್ನೂ ಹಾದಿಗಳನ್ನೂ ರೂಪಿಸಿದ ಕಾರ್ಲ್ ರಾಂಕಿ ಇದನ್ನು ಅರಿತಿದ್ದನು. ಎಷ್ಟು ದೂರ ಹೋಗಬೇಕೆಂಬುದನ್ನು ಹೋಗುವವರೇ ನಿರ್ಧರಿಸಬೇಕೆಂಬ ನಿಯಮವು ಅಲ್ಲಿ ಬಳಕೆಗೆ ಬಂದಿತು. ಮೂರು ಮೆಟ್ಟಿಲೇರಿ ಇಳಿದವರನ್ನು ಯಾರೂ ಹಾಸ್ಯಮಾಡುವಂತಿಲ್ಲ. ಆದರೆ ಹತ್ತದವರೂ ತಂಡದಿಂದ ಹೊರಗಲ್ಲ. ಹಗ್ಗ ಹಿಡಿಯುವ, ಬೀಳುವವರಿಗೆ ಆಸರೆಯಾಗುವ ಕೆಲಸ ಅವರಿಗೆ ಇದ್ದೇ ಇದೆ.

ಇಷ್ಟರಿಂದಲೇ ತರುಣರೆಲ್ಲರೂ ನಾಯಕರಾಗಿಬಿಡುವರೆಂದು ಭಾವಿಸಲಾಗದು. ಹಾದಿಯಲ್ಲಿ ಕೈಕೊಟ್ಟು ಎತ್ತಿದವನು ಮರುದಿನ ಕೆಲಸದ ಜಾಗದಲ್ಲಿ ಜೊತೆಗಾರನ ಮಾತಿಗೆ ಕಿವಿಗೊಡದೆ ಹೋಗಬಹುದು. ಆದ ಕಾರಣವೇ ಪ್ರತಿಯೊಂದು ಅಡೆತಡೆಯನ್ನು ದಾಟಿದ ಮೇಲೆ ತಂಡವು ನೆಲದ ಮೇಲೆ ವೃತ್ತಾಕಾರವಾಗಿ ಕುಳಿತು ಮಾತನಾಡುವ ಪದ್ಧತಿಯಿದೆ. ಮೊದಲ ಸಲ ಸೋತದ್ದೇಕೆ? ಯಾರ ಸಲಹೆ ಕೇಳಿಸದೆ ಹೋಯಿತು? ಶಿಕ್ಷಕನು ಪ್ರಶ್ನೆಗಳನ್ನು ಕೇಳುತ್ತಾನೆಯೇ ಹೊರತು ಉತ್ತರಗಳನ್ನು ಕೊಡುವುದಿಲ್ಲ. ಈ ಮಾತುಕತೆಯನ್ನು ಬಿಟ್ಟರೆ ಉಳಿಯುವುದು ಬರಿಯ ಆಟ.

ಮಾತು ಮುಗಿದ ಮೇಲೆ ಹಗ್ಗಗಳನ್ನು ಬಿಚ್ಚಿ ಸುತ್ತುವ ಕೆಲಸವಿರುತ್ತದೆ. ಪ್ರತಿ ಹಗ್ಗವನ್ನೂ ತುದಿಯಿಂದ ತುದಿಯವರೆಗೆ ಬೆರಳುಗಳ ನಡುವೆ ಸಾಗಿಸಿ, ಎಲ್ಲಿಯಾದರೂ ಎಳೆ ಸವೆದಿದೆಯೇ ಎಂದು ಪರೀಕ್ಷಿಸುತ್ತಾರೆ. ಸವೆದುದು ಕಂಡರೆ ಅದನ್ನು ಆಗಲೇ ಬೇರೆಯಿಡುತ್ತಾರೆ. ಮರುದಿನ ಮತ್ತೊಂದು ತಂಡ ಬರುವುದಿದೆ.